ಒಂದು ಮೊರ ತೌಡು

ಮನೆ ನೋಡಲು ಬರುವ ಅಧಿಕಾರಿ ಹನ್ನೊಂದಕ್ಕೆ ಬರುತ್ತೇನೆಂದಿದ್ದರು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಕರುಣಾ ಬೆಳಕು ಹರಿಯುವ ಮೊದಲೇ ಎದ್ದು ಪಡಸಾಲೆ ಒರೆಸಿದಳು. ಒರೆಸಿದ್ದು ಸಾಲದೆಂದು ಇನ್ನೊಮ್ಮೆ ಒರೆಸಿದಳು. ಬುದ್ಧನ ಮೂರ್ತಿಯ ಮುಂದಿನ ಹೂ ಬದಲಿಸಿ, ಬಾಬಾಸಾಹೇಬರ ಫೋಟೊ ಎಲ್ಲಾದರೂ ಓರೆಯಾಗಿದೆಯೋ ಎಂದು ದೂರ ನಿಂತು ನೋಡುತ್ತಿದ್ದಾಗ ಹಿತ್ತಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡು ಎಲೆಅಡಿಕೆ ಉಗುಳಿದ ಸದ್ದಾಯಿತು. ಮುತ್ತವ್ವ ಎದ್ದಿದ್ದಳು.

ಮುತ್ತವ್ವ ಉಪ್ಪಿನಬೆಟಗೇರಿಯ ಮುದುಕಿ. ಕರುಣಾಳ ಗಂಡ ಯಲ್ಲೇಶ ಹುಟ್ಟಿದ ಮನೆಯ ಪಕ್ಕದ ಮನೆಯವಳು. ಪ್ರತಿ ವರ್ಷ ಪಂಚಮಿಗೆ ಯಲ್ಲೇಶ ಆಕೆಗೊಂದು ಸೀರೆ ಒಯ್ದು ಕೊಟ್ಟು ಬರುತ್ತಿದ್ದ. ದೂರದ ಸಂಬಂಧದಲ್ಲಿ ದೊಡ್ಡವ್ವನೋ ಏನೋ ಆಗಬೇಕು ಎಂದು ಕರುಣಾ ತಿಳಿದಿದ್ದಳು, ಕೇಳಿರಲಿಲ್ಲ. ಅತ್ತೆ ಕಸ್ತೂರೆವ್ವ ನಿನ್ನೆ ಮಧ್ಯಾಹ್ನ ಯಾರಿಗೂ ಹೇಳದೆ ಬಸ್ಸು ಹತ್ತಿ ಊರಿಗೆ ಹೋಗಿ, ಸಂಜೆ ಆಕೆಯನ್ನು ಕೈಹಿಡಿದು ಕರೆದುಕೊಂಡು ಬಂದಿದ್ದರು. ಯಾಕೆಂದು ಕೇಳಿದರೆ, ಆಕೆಗೆ ನಮ್ಮ ಮನೆ ನೋಡುವ ಆಸೆಯಾಗಿತ್ತು ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ವರ್ಷದ ಅಷ್ಟೂ ದಿನ ಬಿಟ್ಟು ಈ ದಿನವೇ ಆಸೆಯಾಗಬೇಕೆ ಎಂದು ಕರುಣಾಗೆ ಅಳುವೇ ಬಂದಿತ್ತು.

ಈ ದಿನಕ್ಕಾಗಿ ಅವರು ಒಂದೂವರೆ ವರ್ಷ ಕಾದಿದ್ದರು. ಹಿಂದಿನದರ ಹಿಂದಿನ ಚಳಿಗಾಲದಲ್ಲಿ ವಿಹಾರದ ಮಂದಿಯ ಜೊತೆ ಗಂಡ ಹೆಂಡತಿ ಶ್ರೀಲಂಕಾಕ್ಕೆ ಹೋಗಿದ್ದರು. ಅನುರಾಧಪುರದಲ್ಲಿ ಬೋಧಿವೃಕ್ಷದ ದರ್ಶನ ಮಾಡಿ, ಭಿಕ್ಖುಣಿಯರು ನಡೆಸುವ ಒಂದು ಮಕ್ಕಳ ಮನೆಯ ಪಕ್ಕದ ಧರ್ಮಶಾಲೆಯಲ್ಲಿ ಇಳಿದುಕೊಂಡಿದ್ದರು. ಯಾತ್ರಿಕರು ಚಪ್ಪಲಿ ಬಿಟ್ಟು ಒಳಗೆ ಹೋದರೆ, ಹೊರಗೆ ಬರುವಷ್ಟರಲ್ಲಿ ಅಷ್ಟೂ ಚಪ್ಪಲಿಗಳು ಮುಖ ತಿರುಗಿ ಮೆಟ್ಟಿಕೊಳ್ಳಲು ಸಲೀಸಾಗಿ ಸಾಲಾಗಿರುತ್ತಿದ್ದವು. ಯಾರು ಮಾಡುತ್ತಾರೆಂದು ಕರುಣಾ ಒಂದು ದಿನ ಕಂಬದ ಮರೆಯಲ್ಲಿ ನಿಂತು ನೋಡಿದಳು. ಒಂದು ಕಣ್ಣು ತುಸು ಓರೆಯಿದ್ದ, ಐದರ ಆಸುಪಾಸಿನ ಒಂದು ಹುಡುಗಿ. ಯಾರೂ ಹೇಳಿರಲಿಲ್ಲ, ಯಾರೂ ಭೇಷ್ ಅನ್ನುತ್ತಿರಲಿಲ್ಲ. ಕುಂಟುವ ಅಜ್ಜನೊಬ್ಬನ ಚಪ್ಪಲಿಯನ್ನು ಮಾತ್ರ ಅದು ಗೋಡೆಯ ಹತ್ತಿರ ಬೇರೆಯಾಗಿ ಇಡುತ್ತಿತ್ತು, ಆತ ಗೋಡೆ ಹಿಡಿದು ಮೆಟ್ಟಿಕೊಳ್ಳಲೆಂದು. ಹೆಸರು ನಿಲ್ಮಿನಿ. ಕಣ್ಣಿನ ಸಲುವಾಗಿ, ಆಮೇಲೆ ವಯಸ್ಸಿನ ಸಲುವಾಗಿ, ಅದನ್ನು ಯಾರೂ ದತ್ತು ಕೇಳಿಕೊಂಡು ಬಂದಿರಲಿಲ್ಲ.

ಮರಳಿ ಬರುವಾಗ ವಿಮಾನದಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು ಚೀಲ ಇಳಿಸುತ್ತಲೇ ಯಲ್ಲೇಶ, "ಆ ಹುಡುಗಿ ನಮ್ಮ ಮನ್ಯಾಗ ಇದ್ರ ಹೆಂಗಿರ್ತದ?" ಎಂದ. ಕರುಣಾ ಅಷ್ಟೊತ್ತೂ ಅದನ್ನೇ ಬಾಯಲ್ಲಿ ಇಟ್ಟುಕೊಂಡು ಕೂತಿದ್ದಳು.

ಭಿಕ್ಖುಣಿಯರಿಗೆ ಬರೆದರು. ಸರಕಾರದ ಮೂಲಕವೇ ಬನ್ನಿ, ದಾರಿ ಉದ್ದವಿದೆ, ಆದರೆ ದಾರಿ ಇದೆ ಎಂದು ಉತ್ತರ ಬಂತು. ಇಲ್ಲಿ ವಿಚಾರಿಸಿದರೆ, ನಮ್ಮ ಮಗುವನ್ನು ಹೊರದೇಶದವರು ಒಯ್ಯುವುದು ಗೊತ್ತು, ಹೊರದೇಶದ ಮಗುವನ್ನು ಧಾರವಾಡಕ್ಕೆ ತರುವವರನ್ನು ಇದೇ ಮೊದಲು ಕಾಣುತ್ತಿದ್ದೇವೆ ಎಂದು ಕಚೇರಿಯ ಗುಮಾಸ್ತ ನಕ್ಕ. ನಕ್ಕವನೇ ಕುರ್ಚಿ ಎಳೆದು ಕೂಡಿಸಿ, ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ಹೇಳಿದ. ಎಲ್ಲ ಕಾಗದ ಕೂಡಿದ ಮೇಲೆ ಉಳಿದದ್ದು ಈ ಮನೆ ಭೇಟಿ. ಅಧಿಕಾರಿ ಬಂದು ನೋಡಿ ಒಳ್ಳೆಯದು ಬರೆದರೆ ಫೈಲು ದಿಲ್ಲಿಗೆ, ಅಲ್ಲಿಂದ ಕೊಲಂಬೊಗೆ ಹೋಗುತ್ತದೆ. ಇಲ್ಲವಾದರೆ ಇಲ್ಲೇ ನಿಲ್ಲುತ್ತದೆ. ಮನೆಯಲ್ಲಿರುವ ಪ್ರತಿಯೊಬ್ಬರನ್ನೂ ಮಾತಾಡಿಸುತ್ತೇವೆ, ಹಿರಿಯರಿಗೆ ಮನಸ್ಸಿಲ್ಲದ ಮನೆಗೆ ಮಗುವನ್ನು ಕಳಿಸುವುದು ಕಷ್ಟ ಎಂದು ಮೊದಲೇ ತಿಳಿಸಿದ್ದರು.

ಕರುಣಾಳ ಹೆದರಿಕೆ ಇದ್ದದ್ದು ಅಲ್ಲಿಯೇ. ಅತ್ತೆ ಬೇಡವೆಂದಿರಲಿಲ್ಲ. ಹ್ಞೂಂ ಎಂದೂ ಅಂದಿರಲಿಲ್ಲ. ನಿಲ್ಮಿನಿಯ ಕತೆ ಹೇಳಿದ ದಿನ ರೊಟ್ಟಿ ತಟ್ಟುತ್ತ ಕೂತಿದ್ದವರು ತಟ್ಟುತ್ತಲೇ ಇದ್ದರು. ಕೇಳಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಎಷ್ಟು ಸಲ ಮಾತು ತೆಗೆದರೂ ಮಗನ ಮುಖವನ್ನೊಮ್ಮೆ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಿನ್ನೆ ಕರುಣಾ ಮನಸ್ಸು ಗಟ್ಟಿಮಾಡಿ, "ಅತ್ತಿ, ಅವರು ಕೇಳಿದ್ರ ನನಗ ಸಂತೋಷ ಐತಿ ಅಂತ ಅಷ್ಟಽ ಹೇಳ್ರಿ, ಸಾಕು" ಎಂದಿದ್ದಳು.

"ನಾ ಏನು ನಿನ್ನ ಸಾಲಿ ಹುಡುಗಿ ಅದೇನೇನು, ಕಲಿಸಿದ್ದು ಒಪ್ಪಿಸಾಕ?" ಎಂದು ಕಸ್ತೂರೆವ್ವ ಎದ್ದು ಹೋಗಿದ್ದರು. ಹೋದದ್ದು ಬಸ್ ಸ್ಟ್ಯಾಂಡಿಗೆ ಎಂದು ತಿಳಿದದ್ದು ಸಂಜೆಯೇ.

ಹತ್ತೂವರೆಗೆ ಪಕ್ಕದ ಮನೆಯ ಯಾಸ್ಮಿನ ಚಹಾದ ಹೊಸ ಕಪ್ಪು ಬಸಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಟ್ಟಳು. ಕರುಣಾಳ ಮನೆಯ ಕಪ್ಪುಗಳೆಲ್ಲ ಒಂದೊಂದು ಬಣ್ಣ. ಯಲ್ಲೇಶ ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ನಿದ್ದೆ ಬಾರದಂತೆ ನಿಂತೇ ಇದ್ದ. ಮುತ್ತವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಕರುಣಾಳ ಓಡಾಟ ನೋಡಿ ನಗುತ್ತಿದ್ದಳು.

"ಅಕ್ಕೋರ, ಬರಾವ್ರು ಮಗಾ ಕೊಡಾಕ ಬರ್ತಾರೋ, ನಿನ್ನ ಕನ್ಯಾ ನೋಡಾಕ ಬರ್ತಾರೋ?"

ಕರುಣಾಗೆ ಸಿಟ್ಟು ಬಂತು. ಆದರೆ ತನ್ನನ್ನು ನೋಡಿಕೊಂಡರೆ ಮಾತು ಸುಳ್ಳಿರಲಿಲ್ಲ. ಇಳಕಲ್ಲ ಸೀರೆ, ತಲೆಗೆ ಹೂ. ತಾಟಿನಲ್ಲಿ ಶಿರಾ, ಉಪ್ಪಿಟ್ಟು, ಚೂಡಾ. ಹೂ ತೆಗೆದಿಟ್ಟಳು.

ಅಧಿಕಾರಿ ರಜನಿ ಸ್ಕೂಟರಿನ ಮೇಲೆ ಬಂದರು. ಮೂವತ್ತೈದರ ಹೆಣ್ಣುಮಗಳು, ಹೆಲ್ಮೆಟ್ಟಿನಿಂದ ಕೂದಲು ಚಪ್ಪಟೆಯಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನಾನು ತಪಾಸಣೆಗೆ ಬಂದಿಲ್ಲ, ಮಾತಾಡಲು ಬಂದಿದ್ದೇನೆ ಎಂದರು. ಕರುಣಾ ತಾಟು ಹಿಡಿದೇ ನಿಂತಿರುವುದನ್ನು ಕಂಡು, ತಾವೇ ಅದನ್ನು ತೆಗೆದುಕೊಂಡು ಟೀಪಾಯಿಯ ಮೇಲಿಟ್ಟರು. ಮನೆ ನೋಡಿದರು. ಯಲ್ಲೇಶನ ಪಾಳಿ, ಕರುಣಾಳ ಶಾಲೆಯ ಹೊತ್ತು, ಮಗುವಿಗೆ ಕನ್ನಡ ಕಲಿಸುವುದು ಹೇಗೆ, ಕಣ್ಣಿನ ಡಾಕ್ಟರರನ್ನು ಕೇಳಿದ್ದೀರಾ, ಎಲ್ಲ ವಿಚಾರಿಸಿದರು. ಕರುಣಾ ಪರೀಕ್ಷೆಗೆ ಕೂತವಳಂತೆ ಉತ್ತರಿಸಿದಳು. ನೆರೆಯವರೊಬ್ಬರನ್ನು ಕೇಳಬೇಕೆಂದಾಗ ಯಾಸ್ಮಿನ ಬಂದಳು. ತನ್ನ ಹೆರಿಗೆ ಆಸ್ಪತ್ರೆಯಲ್ಲಿ ಕಠಿಣವಾದಾಗ ದೊಡ್ಡ ಮಗನನ್ನು ಈ ಮನೆಯವರೇ ಹತ್ತು ದಿನ ಇಟ್ಟುಕೊಂಡಿದ್ದನ್ನು ಹೇಳಿದಳು. ಹೇಳಿ ಮುಗಿಸಿ, ತನ್ನದೇ ಕಪ್ಪಿನಲ್ಲಿ ಚಹಾ ಕುಡಿಯುತ್ತ, "ಕಪ್ಪು ಬಸಿ ಭಾಳ ಛಲೋ ಅದಾವ್ರಿ ನಿಮ್ಮವು" ಎಂದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಕಡೆಗೆ ರಜನಿ ಕಸ್ತೂರೆವ್ವನ ಕಡೆ ತಿರುಗಿದರು. ಕಸ್ತೂರೆವ್ವ ಚಾಪೆಯ ಮೇಲೆ ಕೂತಿದ್ದರು. ರಜನಿ ಕುರ್ಚಿ ಬಿಟ್ಟು ಚಾಪೆಗೇ ಇಳಿದು ಎದುರು ಕೂತರು. ಅಮ್ಮಾ, ಇದು ನಿಮ್ಮ ರಕ್ತದ ಮಗು ಅಲ್ಲ, ನಿಮ್ಮ ಊರಿನದೂ ಅಲ್ಲ, ನಿಮ್ಮ ಮಾತು ಅದಕ್ಕೆ ಬರುವುದಿಲ್ಲ, ಅದನ್ನು ಮೊಮ್ಮಗಳು ಎಂದು ಒಪ್ಪಿಕೊಳ್ಳಲು ನಿಮ್ಮ ಮನಸ್ಸಿಗೆ ಆಗುತ್ತದೆಯೇ ಎಂದು ಕೇಳಿದರು.

ಕರುಣಾ ಮನಸ್ಸಿನಲ್ಲೇ ಬೇಡಿಕೊಂಡಳು. ಸಂತೋಷ ಐತಿ ಅನ್ನಿರಿ ಅತ್ತೆ, ಎರಡು ಮಾತು.

ಕಸ್ತೂರೆವ್ವ ಮಗನ ಮುಖವನ್ನೊಮ್ಮೆ ನೋಡಿದರು. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

"ಯವ್ವಾ, ಇಂವನ್ನೂ ನಾ ಕೊಂಡೇನಿ. ಒಂದು ಮೊರ ತೌಡು ಕೊಟ್ಟು."

ರಜನಿಯವರ ಪೆನ್ನು ನಿಂತಿತು. ಮಗುವನ್ನು ಕೊಳ್ಳುವುದು ಅಪರಾಧ ಎಂದು ಕರುಣಾ ಈ ಒಂದು ವರ್ಷದಲ್ಲಿ ಎಷ್ಟು ಕಾಗದಗಳ ಮೇಲೆ ಓದಿ ಸಹಿ ಮಾಡಿದ್ದಳು! ರಜನಿ ಮೆಲ್ಲಗೆ, ಏನಂದಿರಿ, ಕೊಂಡಿರಾ, ಯಾರಿಂದ ಎಂದರು.

"ಇಕಿಂದ" ಎಂದು ಕಸ್ತೂರೆವ್ವ ಅಡುಗೆಮನೆಯ ಹೊಸ್ತಿಲ ಕಡೆ ಕೈ ಮಾಡಿದರು.

"ಹೌದ್ರಿ ಬಾಯಾರ, ನಾನಽ ಮಾರೇನಿ" ಎಂದಳು ಮುತ್ತವ್ವ. "ಆದ್ರ ಮೊರ ಪೂರಾ ತುಂಬಿದ್ದಿಲ್ಲ. ಅದನ್ನೂ ಬರ್ಕೋರಿ."

"ತುಂಬೇ ಕೊಟ್ಟೇನಿ. ದೇವರ ಮುಂದ ಸುಳ್ಳು ಹೇಳಬ್ಯಾಡ."

"ಎಲ್ಲಿ ತುಂಬಿತ್ತು? ಅಂಚಿಗೆ ನಾಕ್ ಬಟ್ಟು ಕಮ್ಮಿ ಇತ್ತು" ಎಂದು ಮುತ್ತವ್ವ ನಾಲ್ಕು ಬೆರಳು ಎತ್ತಿ ತೋರಿಸಿದಳು.

"ಅವ್ವಾ, ಸುಮ್ನಿರ್ರಿ ಇಬ್ರೂ" ಎಂದ ಯಲ್ಲೇಶ. ಅವನ ಮುಖ ಕೆಂಪಾಗಿತ್ತು.

"ಇಷ್ಟ್ ವರ್ಷ ಸುಮ್ನ ಇದ್ದೇನಪಾ" ಎಂದರು ಕಸ್ತೂರೆವ್ವ. "ನಿನ್ನ ಸಲುವಾಗಿ ಇದ್ದೆ. ಇವತ್ತ ಈ ಬಾಯಾರು ಕೇಳ್ಯಾರ, ಹೇಳ್ತೇನಿ."

ಮತ್ತೆ ಅವರು ಹೇಳಿದರು, ಅವಸರವಿಲ್ಲದೆ, ರೊಟ್ಟಿ ತಟ್ಟಿದ ಹಾಗೆ. ಗಂಡ ಉಡಚಪ್ಪನ ಕೈಹಿಡಿದು ಉಪ್ಪಿನಬೆಟಗೇರಿಗೆ ಬಂದ ಮೇಲೆ ಮೂರು ಹಡೆದಿದ್ದರು. ಮೂರೂ ಉಳಿಯಲಿಲ್ಲ. ಒಂದು ಹನ್ನೊಂದು ದಿನ, ಒಂದು ತೊಟ್ಟಿಲಿಗೆ ಹಾಕುವ ಮೊದಲೇ, ಒಂದು ಅಂಬೆಗಾಲಿಡುವಾಗ. ನಾಲ್ಕನೆಯದು ಹುಟ್ಟಿದಾಗ ಊರ ಹಿರಿಯರು, ಇದು ನಿನ್ನದೆಂದು ಸಾವಿಗೆ ಗೊತ್ತಾಗಬಾರದು, ಬೇರೆಯವರದ್ದು ಮಾಡು ಎಂದರು. ಹಸಿ ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟು, ತಿರುಗಿ ನೋಡದೆ ಬರಬೇಕು. ಮುತ್ತವ್ವ ಏಳು ಹಡೆದು ಏಳೂ ಉಳಿಸಿಕೊಂಡವಳು. ಆಕೆ ಯಾರದೋ ಕೂಸು ಸಿಕ್ಕಿತೆಂಬಂತೆ ಎತ್ತಿಕೊಂಡು ತನ್ನ ಮನೆಗೆ ಒಯ್ದಳು. ತನ್ನ ಕೂಸಿನ ಜೊತೆ ಇದಕ್ಕೂ ಮೊಲೆ ಕೊಟ್ಟಳು. ಸಂಜೆ ಕಸ್ತೂರೆವ್ವನ ಬಾಗಿಲಿಗೆ ಬಂದು, ಕೂಸು ಮಾರಾಕ ತಂದೇನಿ, ತಗೋತೀರೇನು ಎಂದು ಕೂಗಿದಳು. ಗುರುತಿಲ್ಲದವಳ ಹಾಗೆ ಕಸ್ತೂರೆವ್ವ ಬೆಲೆ ಕೇಳಿದರು. ಎಮ್ಮೆಗೆಂದು ಇಟ್ಟಿದ್ದ ತೌಡಿತ್ತು. ಅದನ್ನೇ ಮೊರಕ್ಕೆ ಸುರಿದು ಕೊಟ್ಟು ಕೂಸು ತೆಗೆದುಕೊಂಡರು. ಮೂಗು ಚುಚ್ಚಿಸಿ ತಿಪ್ಪ ಎಂದು ಕರೆದರು. ಯಲ್ಲೇಶ ಎಂಬುದು ಸಾಲೆಯ ಮಾಸ್ತರು ಇಟ್ಟ ಹೆಸರು.

ಕರುಣಾ ಗಂಡನ ಮುಖ ನೋಡಿದಳು. ಅವನ ಮೂಗಿನ ಬಲಕ್ಕೆ ಎಳ್ಳು ಕಾಳಿನಷ್ಟು ಒಂದು ಕುಳಿಯಿತ್ತು. ಮದುವೆಯಾದ ಹೊಸದರಲ್ಲಿ ಕೇಳಿದ್ದಕ್ಕೆ ಸಿಡುಬಿನ ಕಲೆ ಎಂದಿದ್ದ.

"ತಿಪ್ಪಿ ಮ್ಯಾಲೆ ಇಟ್ಟು ಬೆನ್ನು ತಿರುಗಿಸಿದಾಗ ಅದು ನಂದಲ್ಲ ಯವ್ವಾ" ಎಂದರು ಕಸ್ತೂರೆವ್ವ. "ನಾಟಕ ಅಂತಾರ. ಅಳಾ ಕೂಸು ಬಿಟ್ಟು ಹಿಂದಕ ನೋಡದಽ ನಡದಾಕಿಗೆ ಕೇಳ್ರಿ, ನಾಟಕೋ ಅಲ್ಲೋ. ಹಡದಿದ್ದು ಮೂರೂ ಉಳೀಲಿಲ್ಲ. ಮತ್ತೊಬ್ಬಾಕಿ ಕೈಯಿಂದ ತಗೊಂಡಿದ್ದು ಉಳೀತು. ಈಗ ನೀವು ರಕ್ತ ಅಂತ ಕೇಳ್ತೀರಿ, ನಾ ಏನು ಹೇಳ್ಲಿ?"

ರಜನಿ ಪೆನ್ನನ್ನು ಚಾಪೆಯ ಮೇಲಿಟ್ಟು ಮತ್ತೊಂದು ಕೇಳಿದರು. ಇದು ಎಲ್ಲ ಮನೆಗಳಲ್ಲಿ ಕೇಳುವ ಪ್ರಶ್ನೆ, ಬಹಳ ಜನ ಇದಕ್ಕೆ ತಡವರಿಸುತ್ತಾರೆ ಎಂದು ಆಮೇಲೆ ಹೇಳಿದರು. ನಾಳೆ ಮಗು ದೊಡ್ಡದಾಗಿ, ನನ್ನ ಹೆತ್ತ ತಾಯಿ ಯಾರು ಎಂದು ಕೇಳಿದರೆ ಏನು ಹೇಳುತ್ತೀರಿ?

"ನಿನಗ ಇಬ್ರು ಅದಾರ ಅಂತೇನಿ. ನಿಮ್ಮಪ್ಪಗೂ ಇಬ್ರು ಅದಾರ ಅಂತೇನಿ. ಅದರಾಗ ಮುಚ್ಚಿಡೂದು ಏನೈತಿ?"

ಮುತ್ತವ್ವ ಹೊಸ್ತಿಲ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಬಾಕಿನ ಘಾಟು ಎಂದಳು.

ಆಗ ಯಲ್ಲೇಶ ಗೋಡೆ ಬಿಟ್ಟು ಬಂದು ತಾನೂ ಚಾಪೆಯ ಮೇಲೆ ಕೂತ. ಅವನ ಕೈ ಮೂಗಿನ ಕುಳಿಯ ಮೇಲಿತ್ತು. ಸಾಲೆಯಲ್ಲಿ ಹುಡುಗರು ತೌಡಿನ್ಯಾ, ತೌಡಿನ್ಯಾ ಎಂದು ಕೂಗುತ್ತಿದ್ದರಂತೆ. ಕಾಲೇಜಿಗೆ ಹೋಗಿ ನಾಲ್ಕು ಪುಸ್ತಕ ಓದಿದ ಮೇಲೆ, ಇದೆಲ್ಲ ಮೂಢನಂಬಿಕೆ, ನಮ್ಮ ಮನೆಯಲ್ಲಿ ಈ ಮಾತು ಯಾರೂ ಎತ್ತಬಾರದು ಎಂದು ಅವ್ವನ ಹತ್ತಿರ ಆಣೆ ಮಾಡಿಸಿಕೊಂಡಿದ್ದನಂತೆ. ಹೆಂಡತಿಗೂ ಹೇಳಿರಲಿಲ್ಲ. ಇಷ್ಟನ್ನು ಹೇಳಿ, "ಮೂಢನಂಬಿಕಿ ಖರೇ ಮೇಡಂ" ಎಂದ. "ಆದ್ರ ಮುತ್ತವ್ವಾಯಿ ಕೊಟ್ಟ ಹಾಲು ಮೂಢನಂಬಿಕಿ ಅಲ್ಲ. ಬರ್ಕೋರಿ."

ಅತ್ತೆ ತಿಂಗಳುಗಟ್ಟಲೆ ಬಾಯಿ ಕಟ್ಟಿಕೊಂಡಿದ್ದು ಮನಸ್ಸಿಲ್ಲದೆ ಅಲ್ಲ, ಮಗನಿಗೆ ಕೊಟ್ಟ ಮಾತಿಗೆ ಎಂಬುದು ಕರುಣಾಗೆ ಆಗ ತಿಳಿಯಿತು. ನಿನ್ನೆ ಬಸ್ಸು ಹತ್ತಿ ಹೋದದ್ದೂ ಅದಕ್ಕೇ. ಮಾರಿದವಳನ್ನು ಎದುರಿಗೆ ಕೂಡಿಸಿಕೊಂಡೇ ಕೊಂಡವಳು ಮಾತಾಡಬೇಕಿತ್ತು.

ರಜನಿ ನಗುತ್ತಲೇ ಪೆನ್ನು ಎತ್ತಿಕೊಂಡರು. ಕೊಂಡಿದ್ದೇನೆ ಎಂದು ನಾನು ಬರೆದರೆ ದಿಲ್ಲಿಯವರು ನನ್ನನ್ನೂ ಒಳಗೆ ಹಾಕುತ್ತಾರೆ, ಬೇರೆ ರೀತಿ ಬರೆಯುತ್ತೇನೆ ಎಂದರು. ಹೇಗಾದರೂ ಬರೆಯಿರಿ, ಅಳತೆ ಮಾತ್ರ ಸರಿ ಹಾಕಿರಿ ಎಂದಳು ಮುತ್ತವ್ವ. ಚಹಾ ಆರಿಹೋಗಿತ್ತು. ಮುತ್ತವ್ವನೇ ಎದ್ದು ಮತ್ತೊಮ್ಮೆ ಕಾಸಿದಳು, ಬೆಲ್ಲ ಹಾಕಿ, ಮನೆಯ ಹಳೆಯ ಬಣ್ಣಬಣ್ಣದ ಕಪ್ಪುಗಳಲ್ಲಿ. ರಜನಿ ಅದನ್ನು ಎರಡು ಸಲ ಹಾಕಿಸಿಕೊಂಡು ಕುಡಿದರು.

ಅವರನ್ನು ಬಾಗಿಲವರೆಗೆ ಕಳಿಸಲು ಹೋದ ಕರುಣಾ ಹೊಸ್ತಿಲಲ್ಲಿ ನಿಂತುಬಿಟ್ಟಳು. ರಜನಿಯವರ ಚಪ್ಪಲಿಗಳು ಮುಖ ತಿರುಗಿ, ಬೀದಿಯ ಕಡೆಗೆ, ಮೆಟ್ಟಿಕೊಳ್ಳಲು ಸಲೀಸಾಗಿ ಜೋಡಿಸಿಟ್ಟಿದ್ದವು. ಕಸ್ತೂರೆವ್ವ ಅಂಗಳದ ತುಳಸಿಗೆ ನೀರು ಹಾಕುವವರ ಹಾಗೆ ಬೆನ್ನು ತಿರುಗಿಸಿ ನಿಂತಿದ್ದರು. ರೊಟ್ಟಿ ತಟ್ಟುತ್ತ ಕೂತವರು ಆ ದಿನ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ದಿಲ್ಲಿಯಿಂದ ಒಪ್ಪಿಗೆ ಬಂತು. ಕರುಣಾ ಎಂಟನೆಯ ಇಯತ್ತೆಗೆ ಪಾಠ ಮಾಡುತ್ತಿದ್ದಾಗ ರಜನಿಯವರೇ ಫೋನು ಮಾಡಿ ಹೇಳಿದರು. ಹೆಡ್‌ಮಾಸ್ತರರು ಕೇಳಿ, ಉಳಿದ ಪಾಠ ನಾನು ಮಾಡುತ್ತೇನೆ, ನೀವು ಮನೆಗೆ ಹೋಗಿರಿ ಎಂದರು. ಅವರು ಗಣಿತದವರು, ವಿಜ್ಞಾನ ಅವರಿಗೆ ಅಷ್ಟಕ್ಕಷ್ಟೇ. ದೀಪಾವಳಿಯ ಹೊತ್ತಿಗೆ ಫೈಲು ಕೊಲಂಬೊದಲ್ಲಿ ದಾಖಲಾಯಿತು. ನಿಲ್ಮಿನಿಗಾಗಿ ಬಂದ ಒಂದೇ ಅರ್ಜಿ ಇದು, ವಿಚಾರಣೆಗೆ ತೆಗೆದುಕೊಂಡಿದ್ದೇವೆ ಎಂದು ಕಾಗದ ಬಂತು. ಇನ್ನು ಅಲ್ಲಿನ ಕೋರ್ಟು, ಅಲ್ಲಿನ ಪ್ರಶ್ನೆಗಳು, ಮತ್ತೆ ಕಾಯುವುದು. ಆದರೂ ಗಾಡಿ ಹೊರಟಿತ್ತು, ಹೊರಟ ಸದ್ದು ಮನೆಯವರಿಗೆಲ್ಲ ಕೇಳುತ್ತಿತ್ತು.

ಒಂದು ಭಾನುವಾರ ಭಿಕ್ಖುಣಿಯರು ವಿಡಿಯೊ ಕರೆ ಮಾಡಿಸಿದರು. ನಿಲ್ಮಿನಿ ಎತ್ತರವಾಗಿದ್ದಳು, ಮುಂದಿನ ಹಲ್ಲು ಬಿದ್ದಿತ್ತು. ಕರುಣಾ ಕಲಿತಿಟ್ಟುಕೊಂಡಿದ್ದ ಸಿಂಹಳದ ನಾಲ್ಕು ಮಾತೂ ಆ ಹೊತ್ತಿಗೆ ಮರೆತುಹೋದವು. ಕಸ್ತೂರೆವ್ವ ಮಾತ್ರ ಫೋನಿಗೆ ಮುಖ ಹತ್ತಿರ ತಂದು ತಮ್ಮ ಕನ್ನಡದಲ್ಲೇ, ಉಂಡೆಯೇನವ್ವಾ ಎಂದು ಕೇಳಿದರು. ಮಗು ತಲೆ ಅಲ್ಲಾಡಿಸಿತು. ಏನು ತಿಳಿಯಿತೋ ಅದಕ್ಕೇ ಗೊತ್ತು.

ಸುದ್ದಿ ಮುಟ್ಟಿಸಲು ಊರಿಗೆ ಹೋದ ಯಲ್ಲೇಶ ಮುತ್ತವ್ವನ ಕರಾರು ಹೊತ್ತು ಬಂದ. ಹುಡುಗಿ ಬಂದ ದಿನ ಆಕೆಯನ್ನು ಯಾರೂ ಸುಮ್ಮನೆ ಒಳಗೆ ಕರೆದುಕೊಳ್ಳಬಾರದು. ಬೀದಿಯಲ್ಲಿ ಮುತ್ತವ್ವ ಅದರ ಕೈಹಿಡಿದು ನಿಲ್ಲುತ್ತಾಳೆ, ಕರುಣಾ ಬಾಗಿಲಿಗೆ ಬಂದು ಬೆಲೆ ಕೇಳಬೇಕು. ಈ ಸಲ ಮೊರ ಅಂಚಿನವರೆಗೆ ತುಂಬಿರಬೇಕು. ಇಷ್ಟನ್ನು ಹೇಳುವಾಗ ಯಲ್ಲೇಶ ನಗುತ್ತಿದ್ದ, ಮತ್ತೆ ತನ್ನನ್ನು ತಿಪ್ಪ ಎಂದೇ ಹೇಳಿಕೊಂಡ. ಮನೆಯಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಮೊರ. ಅದು ನಡೆಯುವುದಿಲ್ಲ ಎಂದರು ಕಸ್ತೂರೆವ್ವ.

ಮರುದಿನ ಸಾಲೆ ಬಿಟ್ಟ ಮೇಲೆ ಕರುಣಾ ಮಾರ್ಕೆಟ್ಟಿಗೆ ಹೋದಳು. ಬಿದಿರಿನ ಬುಟ್ಟಿ, ಮೊರ, ಪೊರಕೆ ಹರಡಿಕೊಂಡು ಮೇದಾರ ಮುದುಕಿಯೊಬ್ಬಳು ಕೂತಿದ್ದಳು. ಕರುಣಾ ಒಂದೊಂದೇ ಮೊರ ಎತ್ತಿ, ಅಂಚು ಹಿಡಿದು ನೋಡಿ, ಚಿಕ್ಕದೆಂದು ಕೆಳಗಿಡುತ್ತಿದ್ದಳು. ಮುದುಕಿ ಬೇಸತ್ತು, "ಏನು ಹಸನ ಮಾಡಾಕ ಬೇಕ್ರಿ ಅಕ್ಕೋರ? ಅಕ್ಕೀನೋ, ಬ್ಯಾಳೀನೋ?" ಎಂದಳು.

"ಮಗಳ್ನ ಕೊಳ್ಳಾಕ ಬೇಕು" ಎಂದಳು ಕರುಣಾ.

ಪಕ್ಕದಲ್ಲಿ ಮೆಂತೆ ಸಿವುಡು ಆರಿಸುತ್ತಿದ್ದ ಇಬ್ಬರು ತಿರುಗಿ ನೋಡಿದರು. ಮುದುಕಿಗೆ ಏನೂ ಆಶ್ಚರ್ಯವಾಗಲಿಲ್ಲ. ಆಕೆ ಕೈಯೂರಿ ಎದ್ದು, ಹಿಂದಿನ ಗಂಟು ಬಿಚ್ಚಿ, ಹಸಿರು ಬಣ್ಣ ಇನ್ನೂ ಆರದ ಒಂದು ಹೊಸ ಮೊರ ಹೊರಗೆ ತೆಗೆದಳು. ಅಂಚಿನ ಸಿಬಿರು ಯಾರ ಕೈಗೂ ಚುಚ್ಚದಂತೆ ಉಗುರಿನಿಂದ ಸವರಿ ಸವರಿ ಕಿತ್ತಳು.

"ಹಂಗಾರ ಇದನ್ನ ಒಯ್ರಿ" ಎಂದಳು. "ಇದು ದೊಡ್ಡದೈತಿ."